ಮೊಜಾರ್ಟ್‌ನ ಆ ಅಡಾಜಿಯೋನ ಇಷ್ಟು ನಿಧಾನ ಯಾಕೆ ನುಡಿಸ್ತಾರೆ

ಮೊಜಾರ್ಟ್‌ನ 23ನೇ ಪಿಯಾನೋ ಕನ್ಚರ್ಟೊ (ಪಿಯಾನೋ ಮತ್ತು ಆರ್ಕೆಸ್ಟ್ರಾ ಸೇರಿ ನುಡಿಸೋ ಕೃತಿ), ಪಟ್ಟಿಯಲ್ಲಿ ಕೆ. 488, ಅದರ ಎರಡನೇ ಭಾಗ, ಅಂದ್ರೆ ನಿಧಾನಗತಿಯ ಅಡಾಜಿಯೋ, ಕೇಳಿದೀರಾ? ಕೇಳಿಲ್ಲ ಅಂದ್ರೆ ಮೊದಲು ಕೇಳ್ಬಿಡಿ, ಆರೇಳು ನಿಮಿಷ ಅಷ್ಟೇ, ಆಮೇಲೆ ಇದನ್ನ ಓದಿ.

ಈ ಕನ್ಚರ್ಟೊ ಮುಗಿಸಿದ್ದು 1786ರ ಮಾರ್ಚ್ 2 ಅಂತ ತನ್ನ ಕೃತಿಗಳ ಪಟ್ಟಿಯಲ್ಲಿ ಮೊಜಾರ್ಟೇ ಬರ್ಕೊಂಡಿದಾನೆ. ಆಗ ಅವನು ವಿಯೆನ್ನಾದಲ್ಲಿದ್ದ, ಫಿಗರೋ ಆಪೆರಾ ರಂಗಕ್ಕೆ ಬರೋಕೆ ಎರಡು ತಿಂಗಳು ಬಾಕಿ. ಕನ್ಚರ್ಟೊದ ಮುಖ್ಯ ಕೀ, ಅಂದ್ರೆ ಯಾವ ಸ್ವರವನ್ನ ಆಧಾರ ಮಾಡ್ಕೊಂಡು ಯಾವ ಸ್ವರಗಳು ಬರ್ತಾವೆ ಅನ್ನೋದು, ಎ ಮೇಜರ್, ಹಿತವಾದ ಬೆಳಕಿನ ಸಂಗೀತ, ಟ್ರಂಪೆಟ್ ಇಲ್ಲ ಡ್ರಮ್ ಇಲ್ಲ, ಓಬೋ ಕೂಡ ಇಲ್ಲ, ಆ ಜಾಗದಲ್ಲಿ ಕ್ಲಾರಿನೆಟ್. ಅದರ ಮಧ್ಯದಲ್ಲಿ ಎಫ್ ಶಾರ್ಪ್ ಮೈನರ್‌ನ ಈ ಅಡಾಜಿಯೋ; ಮೇಜರ್ ಅಂದ್ರೆ ಸಾಮಾನ್ಯವಾಗಿ ತಿಳಿಯಾದ ಭಾವ, ಮೈನರ್ ಅಂದ್ರೆ ದುಃಖದ್ದು. ಅಷ್ಟೊಂದು ಬರೆದ ಮೊಜಾರ್ಟ್ ಒಂದಿಡೀ ಭಾಗವನ್ನ ಈ ಕೀಯಲ್ಲಿ ಬರೆದಿರೋದು ಇದೊಂದೇ ಸಲ!

ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಈ ಕೀ ಏನು ಮಾಡ್ತಿದೆ ಅನ್ನೋದು ಬೇಗ ಸಿಗುತ್ತೆ ಅನ್ಸುತ್ತೆ. ಎಫ್ ಶಾರ್ಪನ್ನ ಷಡ್ಜ ಅಂತ ಇಟ್ಕೊಳ್ಳಿ, ಸ್ವರಗಳು ಹೆಚ್ಚುಕಮ್ಮಿ ನಟಭೈರವಿಯವು, ಸಾಲು ಮುಗಿಯೋ ಕಡೆ ಕಾಕಲಿ ನಿಷಾದ ಬಂದು ಕೀರವಾಣಿ ಕಡೆ ವಾಲುತ್ತೆ. ಆಮೇಲೆ ಒಂದು ಕಡೆ ಚತುಶ್ರುತಿ ರಿಷಭ ಇರಬೇಕಾದಲ್ಲಿ ಇದ್ದಕ್ಕಿದ್ದಂಗೆ ಶುದ್ಧ ರಿಷಭ ಬರುತ್ತೆ, ಅದರ ಮೇಲೆ ಕಟ್ಟಿದ ಜಿ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು), ನೆಪಾಲಿಟನ್ ಅಂತಾರೆ ಅದಕ್ಕೆ, ಮೇಜರ್ ಕಾರ್ಡ್ ಆದ್ರೂ ಅಲ್ಲೇ ಎದೆ ಹಿಂಡೋದು. ಮಧ್ಯದಲ್ಲಿ ಕೊಳಲು, ಕ್ಲಾರಿನೆಟ್ ಸೇರ್ಕೊಂಡು ಎ ಮೇಜರ್‌ಗೆ ಹೋಗ್ತಾವಲ್ಲ, ಅದು ನಮ್ಮ ಗ್ರಹಭೇದದ ಲೆಕ್ಕವೇ: ನಟಭೈರವಿಯ ಗಾಂಧಾರವನ್ನ ಷಡ್ಜ ಮಾಡಿದ್ರೆ ಶಂಕರಾಭರಣ. ಹೊಸ ಸ್ವರ ಒಂದೂ ಬೇಕಾಗಿಲ್ಲ, ನಿಂತ ಜಾಗ ಬದಲಾಯ್ತು ಅಷ್ಟೇ, ಇಡೀ ಭಾವ ತಿಳಿಯಾಗುತ್ತೆ. ಹಾಗಂತ ಇದು ರಾಗ ಅಂತ ಹೇಳ್ತಿಲ್ಲ, ಗಮಕ ಇಲ್ಲ, ಕೆಲಸವೆಲ್ಲ ಕಾರ್ಡ್‌ಗಳದ್ದು.

ಈಗ ವೇಗದ ವಿಷಯ, ನನಗೆ ನಿಜವಾಗಿ ಹೇಳಬೇಕಿರೋದು ಇದೇ. ಮೊಜಾರ್ಟ್ ಬರೆದಿರೋದು ಅಡಾಜಿಯೋ, ಕೆಲವು ಅಚ್ಚಾದ ಪ್ರತಿಗಳಲ್ಲಿ ಆಂಡಾಂಟೆ ಅಂತಿದೆ, ಅಂದ್ರೆ ಸ್ವಲ್ಪ ನಡಿಗೆ ಇರೋ ವೇಗ. ತಾಳ 6/8, ಮೂರು ಮೂರರ ಎರಡು ಗುಂಪು, ಲಯ ಸಿಸಿಲಿಯಾನೋ ಅನ್ನೋ ಶೈಲಿಯದ್ದು, ಮೊದಲ ಸ್ವರ ಉದ್ದ, ಎರಡನೇದು ಚುಟುಕು, ಮೂರನೇದು ಮಧ್ಯಮ, ತೊಟ್ಟಿಲು ತೂಗಿದ ಹಾಗೆ. ಆ ತೂಗಾಟ ಕೇಳಿಸ್ಬೇಕು ಅಂದ್ರೆ ಒಂದು ಬಾರ್‌ಗೆ, ಅಂದ್ರೆ ತಾಳದ ಒಂದು ಸುತ್ತಿಗೆ, ಎರಡು ಏಟು ಮನಸ್ಸಲ್ಲಿ ಬೀಳ್ಬೇಕು. ದುಃಖ ಜಾಸ್ತಿ ಆಗ್ಲಿ ಅಂತ ಎಳೆದೂ ಎಳೆದೂ ನುಡಿಸಿದ್ರೆ ಎರಡು ಹೋಗಿ ಆರು ಏಟಾಗುತ್ತೆ, ಲಯ ಸತ್ತೋಗುತ್ತೆ, ಉಳಿಯೋದು ಬರೀ ಭಾರ.

ತೀರಾ ನಿಧಾನ ಬೇಡ ಅನ್ನೋಕೆ ಇನ್ನೊಂದು ಕಾರಣ ವಾದ್ಯದ್ದು. ಮೊಜಾರ್ಟ್ ಹತ್ರ ಇದ್ದಿದ್ದು ವಿಯೆನ್ನಾದ ವಾಲ್ಟರ್ ಮಾಡಿದ ಫೋರ್ಟೆಪಿಯಾನೋ, ಅಂದ್ರೆ ಆ ಕಾಲದ ಪಿಯಾನೋ, ಸುಮಾರು ಐದು ಆಕ್ಟೇವ್ (ಸ್ಥಾಯಿ), ಚರ್ಮ ಹೊದಿಸಿದ ಪುಟ್ಟ ಸುತ್ತಿಗೆಗಳು. ಅದರಲ್ಲಿ ನಾದ ಇವತ್ತಿನ ಗ್ರ್ಯಾಂಡ್ ಪಿಯಾನೋ ಥರ ನಿಲ್ಲಲ್ಲ, ಬೇಗ ಕರಗುತ್ತೆ. ಶುರುವಲ್ಲಿ ಆರ್ಕೆಸ್ಟ್ರಾ ಸುಮ್ಮನಿದ್ದು ಪಿಯಾನೋ ಒಂದೇ ನುಡಿಯುತ್ತೆ, ಸ್ವರಗಳು ಮೇಲಿಂದ ಕೆಳಗೆ ದೂರ ದೂರ ಜಿಗೀತಾವೆ, ವೇಗ ತೀರಾ ಇಳಿಸಿದ್ರೆ ಆ ವಾದ್ಯದಲ್ಲಿ ಒಂದು ಸ್ವರ ಇನ್ನೊಂದಕ್ಕೆ ತಾಕೋದೇ ಇಲ್ಲ. ಪಿಯಾನೋ ವಾದಕ ಹೊರೊವಿಟ್ಸ್ ವಯಸ್ಸಾದ್ಮೇಲೆ, 1987ರಲ್ಲಿ, ಆರ್ಕೆಸ್ಟ್ರಾ ನಡೆಸೋ ಜೂಲಿನಿ ಜೊತೆ ಮಾಡಿದ ರೆಕಾರ್ಡಿಂಗ್ ಕೇಳಿ, ಸಾಕಷ್ಟು ಚುರುಕಾಗಿದೆ, ಆದ್ರೂ ದುಃಖ ಒಂಚೂರೂ ಕಮ್ಮಿ ಆಗಿಲ್ಲ, ನನಗಂತೂ ಅದೇ ಹೆಚ್ಚು ತಟ್ಟೋದು.

ಕೊನೆ ಹತ್ರ ತಂತಿವಾದ್ಯದವರು ಬಿಲ್ಲು ಬಿಟ್ಟು ಬೆರಳಲ್ಲಿ ಮೀಟೋ ಜಾಗ ಬರುತ್ತೆ, ಮೇಲೆ ಪಿಯಾನೋದಲ್ಲಿ ಒಂಟಿ ಸ್ವರಗಳು, ಇಷ್ಟು ಖಾಲಿ ಬಿಟ್ಟಿರೋದು ನುಡಿಸೋರು ಅಲಂಕಾರ ತುಂಬ್ಲಿ ಅಂತಾನಾ ಅನ್ನೋ ವಾದ ಇದೆ. ಆಗಿನ ಪದ್ಧತಿ ನೋಡಿದ್ರೆ ತುಂಬೋದು ತಪ್ಪಲ್ಲ, ಆದ್ರೆ ನನಗೆ ಬೇಡ, ಜಾಸ್ತಿ ಸ್ವರ ಸೇರಿದ ತಕ್ಷಣ ಆ ಜಿಗಿತದ ದೂರ ಮುಚ್ಚೋಗುತ್ತೆ.

ಮತ್ತೆ ದಯವಿಟ್ಟು ಇದೊಂದನ್ನೇ ಕಿತ್ಕೊಂಡು ಸ್ಯಾಡ್ ಪಿಯಾನೋ ಪ್ಲೇಲಿಸ್ಟ್‌ಗೆ ಹಾಕ್ಬೇಡಿ. ಇದು ಮುಗಿದ ಮೇಲೆ ಪಿಯಾನೋ ಎ ಮೇಜರ್‌ನಲ್ಲಿ ಅಲೆಗ್ರೋ ಅಸಾಯ್ (ತುಂಬಾ ಚುರುಕು) ಅಂತ ಎದ್ದು ಓಡುತ್ತೆ, ಅದನ್ನೂ ಸೇರಿಸಿ ಒಟ್ಟಿಗೆ ಕೇಳಿ.