ಹತ್ತು ಅಂಕದ ಹುಡುಗನನ್ನು ಮೊದಲು ಕರೆಯುವುದೇಕೆ?

ಜೂನ್ ಬಂತೆಂದರೆ ಬಾಸ್ಕೆಟ್‌ಬಾಲ್ ನೋಡುವ ಗೆಳೆಯರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ತಂಡಗಳು ಸರದಿಯ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ನಡೆಯುವುದು ಆ ತಿಂಗಳಲ್ಲಿ. ನಮಗೆ ಆಗ ಬೆಳಗಿನ ಜಾವ ಐದೂವರೆ. ಕಾಫಿ ಕುಡಿಯುತ್ತಾ ಟಿವಿ ಮುಂದೆ ಕೂತವರಿಗೆ ಸಿಟ್ಟು ಬರುವುದು ಸಹಜ. ಅಮೆರಿಕದ ಕಾಲೇಜಿನಲ್ಲಿ ಪಂದ್ಯಕ್ಕೆ ಇಪ್ಪತ್ತು ಅಂಕ ಗಳಿಸಿದವನನ್ನು ಬಿಟ್ಟು, ಯೂರೋಪಿನಲ್ಲಿ ಹತ್ತು ಅಂಕಕ್ಕೆ ಏದುಸಿರು ಬಿಡುವವನನ್ನು ಯಾಕೆ ಕರೆಯುತ್ತಾರೆ? 2024ರಲ್ಲಿ ಅಟ್ಲಾಂಟಾ ಹಾಕ್ಸ್ ಎಲ್ಲರಿಗಿಂತ ಮೊದಲು ಕರೆದದ್ದು ಫ್ರಾನ್ಸಿನ ಝಕಾರಿ ರಿಸಾಶೆಯನ್ನು. ಬೂರ್ಗ್ ತಂಡದ ಪರವಾಗಿ ಫ್ರೆಂಚ್ ಲೀಗಿನಲ್ಲಿ ಅವನ ಸರಾಸರಿ ಹತ್ತರ ಆಸುಪಾಸಿನಲ್ಲಿತ್ತು. ಆ ವರ್ಷ ಈ ಪ್ರಶ್ನೆಯ ದನಿ ಇನ್ನಷ್ಟು ಏರಿತ್ತು.

ನಾನು ಮೊದಲು ಮರುಪ್ರಶ್ನೆ ಹಾಕುತ್ತೇನೆ: ಅವನಿಗೆ ಕೋಚ್ ಎಷ್ಟು ನಿಮಿಷ ಕೊಟ್ಟರು?

ಇದು ಕೊಂಕಲ್ಲ. ಅಮೆರಿಕದ ಕಾಲೇಜಿನಲ್ಲಿ ಹುಡುಗನ ಎದುರಾಳಿಗಳು ಹೆಚ್ಚುಕಡಿಮೆ ಅವನ ವಾರಿಗೆಯವರೇ. ತಾರೆ ಎನಿಸಿಕೊಂಡವನ ಸುತ್ತಲೇ ತಂಡ ಕಟ್ಟುತ್ತಾರೆ, ಚೆಂಡು ಅವನ ಕೈಯಲ್ಲೇ ಇರುತ್ತದೆ. ಯೂರೋಪಿನ ಹುಡುಗ ಆಡುವುದು ಸಂಬಳದ ಗಂಡಸರ ನಡುವೆ. ಅವನ ಎದುರು ನಿಂತವನಿಗೆ ಮೂವತ್ತೆರಡು ವರ್ಷ ಇರಬಹುದು, ಮೊಣಕಾಲಿಗೆ ಪಟ್ಟಿ ಇರಬಹುದು, ಈ ವರ್ಷ ಚೆನ್ನಾಗಿ ಆಡದಿದ್ದರೆ ಮುಂದಿನ ವರ್ಷದ ಕರಾರು ಸಿಗದಿರಬಹುದು. ಫ್ರಾನ್ಸ್, ಸ್ಪೇನ್‌ಗಳಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ತಂಡ ಎರಡನೇ ದರ್ಜೆಗೆ ಇಳಿಯುತ್ತದೆ. ಎನ್‌ಬಿಎಯಲ್ಲಿ ಸೋತ ತಂಡಕ್ಕೆ ಮುಂದಿನ ಡ್ರಾಫ್ಟ್‌ನಲ್ಲಿ ಒಳ್ಳೆಯ ಸರದಿ ಸಿಗುತ್ತದೆ. ಯೂರೋಪಿನಲ್ಲಿ ಸೋತವನಿಗೆ ಸಿಗುವುದು ಕೆಳಗಿನ ಲೀಗು ಮಾತ್ರ. ಹೀಗಿರುವಾಗ ಹುಡುಗನ ಭವಿಷ್ಯ ಬೆಳೆಸಲೆಂದು ಯಾವ ಕೋಚ್ ತಾನೇ ತನ್ನ ಕೆಲಸವನ್ನು ಪಣಕ್ಕಿಡುತ್ತಾರೆ? ಹದಿನೆಂಟು ಹತ್ತೊಂಬತ್ತರ ಹುಡುಗನಿಗೆ ಅಲ್ಲಿ ಇಪ್ಪತ್ತು ನಿಮಿಷ ಸಿಕ್ಕಿದೆ ಎಂದರೆ ಅದು ಸಂಪಾದಿಸಿದ್ದು. ನನ್ನ ಲೆಕ್ಕದಲ್ಲಿ ಯೂರೋಪಿನ ಅಂಕಿಅಂಶಗಳಲ್ಲಿ ನಿಮಿಷಗಳಷ್ಟು ಪ್ರಾಮಾಣಿಕವಾದದ್ದು ಬೇರೊಂದಿಲ್ಲ.

ಇನ್ನು ಅಂಕಗಳ ಮಾತು. ಅಲ್ಲಿ ಪಂದ್ಯ 40 ನಿಮಿಷ, ಎನ್‌ಬಿಎಯಲ್ಲಿ 48. ಅದಕ್ಕಿಂತ ದೊಡ್ಡ ವ್ಯತ್ಯಾಸ ಬುಟ್ಟಿಯ ಕೆಳಗಿದೆ. ಎನ್‌ಬಿಎಯಲ್ಲಿ ಯಾರನ್ನೂ ಕಾಯದೆ ಸುಮ್ಮನೆ ಬುಟ್ಟಿಯ ಮುಂದೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಯೂರೋಪಿನಲ್ಲಿ ಎತ್ತರದ ರಕ್ಷಕ ಅಲ್ಲೇ ಬೇರು ಬಿಟ್ಟು ನಿಲ್ಲಬಹುದು. ಆಚೆಯಿಂದ ಹಾಕಿದರೆ ಮೂರು ಅಂಕ ಸಿಗುವ ಗೆರೆಯೂ ಯೂರೋಪಿನಲ್ಲಿ 6.75 ಮೀಟರ್, ಎನ್‌ಬಿಎಯಲ್ಲಿ ನಡುಭಾಗದಲ್ಲಿ 7.24 ಮೀಟರ್, ಗೆರೆ ಹತ್ತಿರವಾದಷ್ಟೂ ಒಳಗೆ ಇಕ್ಕಟ್ಟು. ಯೂರೋಪಿಗಿಂತ ಎನ್‌ಬಿಎಯಲ್ಲಿ ಅಂಕ ಗಳಿಸುವುದು ಸುಲಭ ಎಂದು ಯೂರೋಪಿನಿಂದ ಬಂದ ಸ್ಲೊವೇನಿಯಾದ ಲೂಕಾ ಡಾನ್ಚಿಚ್ ಎನ್‌ಬಿಎಯಲ್ಲಿ ತನ್ನ ಮೊದಲ ವರ್ಷವೇ ಹೇಳಿದಾಗ ಅಮೆರಿಕದಲ್ಲಿ ಹಲವರಿಗೆ ಅದು ಅಹಂಕಾರದಂತೆ ಕೇಳಿಸಿತು. ನನಗೆ ಕೇಳಿಸಿದ್ದು ಬರೀ ಅಂಗಣದ ಭೂಗೋಳ.

ನಿಮಿಷ ಗೊತ್ತಾದ ಮೇಲೆ ಆ ನಿಮಿಷಗಳಲ್ಲಿ ಏನು ನಡೆಯಿತು ಎಂದು ನೋಡಬೇಕು. ನಾನು ಚೆಂಡು ಎಲ್ಲಿದೆ ಎಂದು ನೋಡುವುದನ್ನು ಬಿಟ್ಟುಬಿಡುತ್ತೇನೆ. ಎದುರು ತಂಡದ ಗಾರ್ಡ್, ಅಂದರೆ ಚೆಂಡು ನಡೆಸುವವನು, ಬಲಗಡೆಯಿಂದ ನುಗ್ಗುತ್ತಿದ್ದಾನೆ ಎನ್ನಿ. ನಮ್ಮ ಹುಡುಗ ಎಡಮೂಲೆಯಲ್ಲಿ ಒಬ್ಬನನ್ನು ಕಾಯುತ್ತಿದ್ದಾನೆ. ಅವನು ಎರಡು ಹೆಜ್ಜೆ ಒಳಗೆ ಸರಿದು ಬುಟ್ಟಿಗೆ ಅಡ್ಡ ನಿಲ್ಲಬೇಕು. ಚೆಂಡು ಮೂಲೆಗೆ ಹಾರುತ್ತಿದ್ದಂತೆ ಮರಳಿ ಓಡಬೇಕು. ತಲುಪುವುದಕ್ಕೆ ತುಸು ಮೊದಲು ಹೆಜ್ಜೆ ಚಿಕ್ಕದು ಮಾಡಿ ಕೈ ಎತ್ತಬೇಕು. ಚಿಕ್ಕದು ಮಾಡದೆ ರಭಸದಿಂದ ಹಾರಿದರೆ ಶೂಟ್ ಮಾಡುವವನು ಹುಸಿ ತೋರಿಸಿ ಪಕ್ಕದಿಂದ ಜಾರಿಕೊಳ್ಳುತ್ತಾನೆ. ಕೌಶಲವಿಲ್ಲದ ಹುಡುಗ ಒಳಗೇ ಸರಿಯುವುದಿಲ್ಲ. ಸಾಧಾರಣದವನು ಸರಿದು ತಡವಾಗಿ ಮರಳುತ್ತಾನೆ. ಗಾರ್ಡ್ ಕಣ್ಣೆತ್ತುವ ಮೊದಲೇ ಸರಿದವನನ್ನು ಕಂಡರೆ ನಾನು ವಿಡಿಯೊ ಹಿಂದಕ್ಕೆ ಹಾಕಿ ಮತ್ತೆ ನೋಡುತ್ತೇನೆ. ಇದಕ್ಕೆ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ. ಶೂಟಿಂಗ್ ವಿಷಯದಲ್ಲಿ ಮಾತ್ರ ಒಂದು ಅಂಕಿಯನ್ನು ನಂಬುತ್ತೇನೆ, ಅದು ಫ್ರೀ ಥ್ರೋ. ಹುಡುಗ ಇಡೀ ವರ್ಷದಲ್ಲಿ ಎಸೆಯುವ ಮೂರಂಕದ ಚೆಂಡುಗಳು ಕೆಲವೇ ಕೆಲವು; ಅದೃಷ್ಟದ ಪಾಲು ಜಾಸ್ತಿ. ಯಾರೂ ಅಡ್ಡ ಬರದ ಗೆರೆಯಿಂದ ಎಸೆಯುವಾಗ ಕೈಯ ನಿಜ ಬಣ್ಣ ಬೇಗ ಬಯಲಾಗುತ್ತದೆ.

ನಿಮಿಷಗಳನ್ನು ಬದಿಗಿಟ್ಟು ಆರಿಸಿದ ಕತೆಗಳು ಬೇಕಾದಷ್ಟಿವೆ. 2002ರಲ್ಲಿ ಡೆನ್ವರ್ ಐದನೆಯ ಸರದಿಯಲ್ಲಿ ಜಾರ್ಜಿಯಾದ ನಿಕೊಲೊಜ್ ಸ್ಕಿಟಿಶ್ವಿಲಿಯನ್ನು ಕರೆಯಿತು. ಇಟಲಿಯ ಬೆನೆಟನ್ ಟ್ರೆವಿಸೊ ತಂಡದಲ್ಲಿ ಅವನಿಗೆ ಅಂಗಣ ಸಿಕ್ಕಿದ್ದೇ ಅಪರೂಪ. ಆದರೆ ಏಳಡಿಯ ಹುಡುಗ ಖಾಲಿ ಜಿಮ್‌ನಲ್ಲಿ ಒಂದರ ಹಿಂದೊಂದು ಚೆಂಡು ಹಾಕಿದರೆ ಯಾರ ಮನಸ್ಸು ಕರಗುವುದಿಲ್ಲ? ಡ್ರಾಫ್ಟ್‌ಗೆ ಮೊದಲಿನ ಈ ಖಾಸಗಿ ಪರೀಕ್ಷೆ ಹೆಣ್ಣು ನೋಡುವ ಶಾಸ್ತ್ರದಂಥದ್ದು: ಎಲ್ಲರೂ ಇಸ್ತ್ರಿ ಬಟ್ಟೆಯಲ್ಲಿರುತ್ತಾರೆ, ಕೇಸರಿಬಾತು ಚೆನ್ನಾಗಿರುತ್ತದೆ. ಅವನ ಎನ್‌ಬಿಎ ಸರಾಸರಿ ಮೂರು ಅಂಕವನ್ನೂ ಮುಟ್ಟಲಿಲ್ಲ. ಮರುವರ್ಷ ಡೆಟ್ರಾಯಿಟ್ ಎರಡನೆಯ ಸರದಿಯಲ್ಲಿ ಸರ್ಬಿಯಾದ ಡಾರ್ಕೊ ಮಿಲಿಚಿಚ್‌ನನ್ನು ಕರೆಯಿತು. ಅವನಿಗೆ ಹದಿನೆಂಟು ತುಂಬಿ ವಾರವೂ ಕಳೆದಿರಲಿಲ್ಲ. ಅವನ ಹಿಂದೆಯೇ, ಮುಂದೆ ದೊಡ್ಡ ತಾರೆಗಳಾದ ಕಾರ್ಮೆಲೊ ಆಂಥನಿ, ಕ್ರಿಸ್ ಬಾಷ್, ಡ್ವೇನ್ ವೇಡ್ ನಿಂತಿದ್ದರು. ಡಾರ್ಕೊನಲ್ಲಿ ಏನೂ ಇರಲಿಲ್ಲ ಎಂದು ನಗುವವರ ಜೊತೆ ನಾನು ಸೇರುವುದಿಲ್ಲ. ಡೆಟ್ರಾಯಿಟ್ ಆಗ ಪ್ರಶಸ್ತಿಗೆ ಹೊರಟಿದ್ದ ತಂಡ, 2004ರಲ್ಲಿ ಗೆದ್ದೂ ಗೆದ್ದಿತು. ಹದಿನೆಂಟರ ಹುಡುಗನನ್ನು ತಂದು ಬೆಂಚಿನಲ್ಲಿ ಕೂರಿಸಿದರೆ ಬೆಳೆಯುವುದು ಎಲ್ಲಿಂದ? ಆಟ ಬಿಟ್ಟ ಮೇಲೆ ಅವನು ಊರಿನಲ್ಲಿ ಸೇಬು ಬೆಳೆಯತೊಡಗಿದ.

ಈ ಸೋಲುಗಳಿಂದ ಅಮೆರಿಕದವರು ಕಲಿತ ಪಾಠವೇ ತಪ್ಪು ಎಂದು ನನಗನ್ನಿಸುತ್ತದೆ. ‘ಖಾಲಿ ಜಿಮ್ ನಂಬಬಾರದು’ ಎಂದು ಕಲಿಯುವ ಬದಲು ಹಲವರು ‘ಯೂರೋಪನ್ನು ನಂಬಬಾರದು’ ಎಂದು ಕಲಿತರು. ಅದರ ಬೆಲೆ ತೆತ್ತದ್ದು 2018ರಲ್ಲಿ. ಡಾನ್ಚಿಚ್ ಹದಿನಾರಕ್ಕೆ ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನ ಹಿರಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಕಾಲಿಟ್ಟವನು. 2017ರಲ್ಲಿ ಸ್ಲೊವೇನಿಯಾ ಜೊತೆ ಯೂರೋಪ್ ಚಾಂಪಿಯನ್‌ಶಿಪ್‌ನ ಚಿನ್ನ. 2018ರಲ್ಲಿ ಯೂರೋಪಿನ ಅಗ್ರ ಕ್ಲಬ್‌ಗಳು ಆಡುವ ಯೂರೋಲೀಗ್‌ನ ಪ್ರಶಸ್ತಿ, ಜೊತೆಗೆ ಆ ಲೀಗಿನ ಅತ್ಯುತ್ತಮ ಆಟಗಾರ ಎಂಬ ಬಿರುದು, ಹತ್ತೊಂಬತ್ತನೆಯ ವಯಸ್ಸಿಗೆ. ಪಂದ್ಯಕ್ಕೆ 16 ಅಂಕ, ಸುಮಾರು 26 ನಿಮಿಷಗಳಲ್ಲಿ. ಪಂದ್ಯದ ಕೊನೆಯಲ್ಲಿ ಮ್ಯಾಡ್ರಿಡ್ ಚೆಂಡನ್ನು ಕೊಡುತ್ತಿದ್ದುದು ಅವನ ಕೈಗೇ. ಇದಕ್ಕಿಂತ ದೊಡ್ಡ ಪುರಾವೆಯನ್ನು ಯಾವ ಹುಡುಗನೂ ತಂದಿರಲಿಲ್ಲ. ಆದರೂ ‘ನಿಧಾನ, ಹಾರಲು ಬರುವುದಿಲ್ಲ’ ಎಂಬ ಗೊಣಗಾಟ. ಅವನ ಕಾಲಿನಲ್ಲಿ ನೋಡಬೇಕಾದದ್ದು ಓಡುವ ವೇಗವಲ್ಲ, ನಿಲ್ಲುವ ವೇಗ. ರಕ್ಷಕ ಇನ್ನೂ ಹಿಂದಕ್ಕೆ ಓಡುತ್ತಿರುವಾಗ ಇವನು ಗಕ್ಕನೆ ನಿಂತಿರುತ್ತಾನೆ.

ಆ ಡ್ರಾಫ್ಟ್‌ನಲ್ಲಿ ಫೀನಿಕ್ಸ್ ಮೊದಲ ಸರದಿಯಲ್ಲಿ ಅಮೆರಿಕದ ಕಾಲೇಜಿನಿಂದ ಬಂದ ಡಿಆಂಡ್ರೆ ಏಟನ್‌ನನ್ನು ಕರೆಯಿತು. ತಮಾಷೆ ಎಂದರೆ ಆಗಷ್ಟೇ ಫೀನಿಕ್ಸ್ ಕೋಚ್ ಆಗಿದ್ದ ಇಗೋರ್ ಕೊಕೊಶ್ಕೊವ್, ಡಾನ್ಚಿಚ್‌ಗೆ ಚಿನ್ನ ಗೆದ್ದುಕೊಟ್ಟ ಸ್ಲೊವೇನಿಯಾ ತಂಡದ ಕೋಚ್. ಎರಡನೆಯ ಸರದಿಯ ಸ್ಯಾಕ್ರಮೆಂಟೊದಲ್ಲಿ ಆಯ್ಕೆ ಮಾಡುತ್ತಿದ್ದವರು ಸರ್ಬಿಯಾದವರೇ ಆದ ವ್ಲಾಡೆ ಡಿವಾಟ್ಸ್. ಅವರು ಕರೆದದ್ದು ಮಾರ್ವಿನ್ ಬ್ಯಾಗ್ಲಿಯನ್ನು. ಅಟ್ಲಾಂಟಾ ಮೂರನೆಯವನಾಗಿ ಡಾನ್ಚಿಚ್‌ನನ್ನು ಕರೆದು ಡಲ್ಲಾಸ್‌ಗೆ ಬಿಟ್ಟುಕೊಟ್ಟಿತು. ಮೊದಲ ವರ್ಷವೇ ಅವನ ಸರಾಸರಿ 21.2.

ಹಾಗೆಂದು ನಿಮಿಷಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಬೆಲ್‌ಗ್ರೇಡ್‌ನ ಮೆಗಾ ಕ್ಲಬ್ಬನ್ನೇ ತೆಗೆದುಕೊಳ್ಳಿ. ಅದರ ಹಿಂದಿರುವವರು ಮಿಶ್ಕೊ ರಜ್ನಾಟೊವಿಚ್, ವೃತ್ತಿಯಿಂದ ಆಟಗಾರರ ಏಜೆಂಟ್. ಹುಡುಗರನ್ನು ಆಡಿಸಿ ಜಗತ್ತಿಗೆ ತೋರಿಸುವುದೇ ಆ ಕ್ಲಬ್ಬಿನ ವ್ಯವಹಾರ. ಅಲ್ಲಿಯ ಇಪ್ಪತ್ತೈದು ನಿಮಿಷಕ್ಕೂ ಮ್ಯಾಡ್ರಿಡ್‌ನ ಹತ್ತು ನಿಮಿಷಕ್ಕೂ ತೂಕ ಬೇರೆ. ಆದರೆ ಮುಂದೆ ಎನ್‌ಬಿಎಯ ಅತ್ಯುತ್ತಮ ಆಟಗಾರನೆನಿಸಿದ ನಿಕೋಲಾ ಯೋಕಿಚ್ ಅಲ್ಲಿಂದಲೇ ಬಂದ. 2014ರಲ್ಲಿ ಡೆನ್ವರ್ ಅವನನ್ನು 41ನೆಯವನಾಗಿ ಕರೆದಾಗ ಟಿವಿಯಲ್ಲಿ ಟ್ಯಾಕೊ ಬೆಲ್ ಜಾಹೀರಾತು ಓಡುತ್ತಿತ್ತು. ಅವನ ವಿಷಯದಲ್ಲಿ ಡೆನ್ವರ್ ಮಾಡಿದ ಜಾಣತನ ಆಯ್ಕೆಗಿಂತ ತಾಳ್ಮೆಯದ್ದು: ಇನ್ನೊಂದು ವರ್ಷ ಅಲ್ಲೇ ಆಡಲು ಬಿಟ್ಟರು, ಅವನು ಬಾಲ್ಕನ್ ಕ್ಲಬ್‌ಗಳ ಏಡ್ರಿಯಾಟಿಕ್ ಲೀಗಿನ ಅತ್ಯುತ್ತಮ ಆಟಗಾರನಾಗಿ ವಿಮಾನ ಹತ್ತಿದ.

ಎನ್‌ಬಿಎಯಲ್ಲಿ ನಿಲ್ಲಲಾಗದವನು ಕೆಟ್ಟ ಆಟಗಾರ ಎಂಬ ತೀರ್ಪನ್ನೂ ನಾನು ಒಪ್ಪುವುದಿಲ್ಲ. 2011ರಲ್ಲಿ ಆರನೆಯವನಾಗಿ ವಾಷಿಂಗ್ಟನ್ ಸೇರಿದ ಚೆಕ್ ಆಟಗಾರ ಯಾನ್ ವೆಸೆಲಿ ಫ್ರೀ ಥ್ರೋಗಳಲ್ಲಿ ಹತ್ತಕ್ಕೆ ಐದನ್ನೂ ಹಾಕಲಾಗದೆ ಮೂರು ವರ್ಷಕ್ಕೆ ಯೂರೋಪಿಗೆ ವಾಪಸಾದ. 2019ರಲ್ಲಿ ಅವನೇ ಯೂರೋಲೀಗಿನ ಅತ್ಯುತ್ತಮ ಆಟಗಾರ.

ಈಗ ಎಲ್ಲ ಲೆಕ್ಕವೂ ಬುಡಮೇಲಾಗುತ್ತಿದೆ. ಅಮೆರಿಕದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖಗಳಿಂದ ಹಣ ಗಳಿಸಬಹುದು ಎಂದು 2021ರಲ್ಲಿ ನಿಯಮ ಬದಲಾದ ಮೇಲೆ ಯೂರೋಪಿನ ಹುಡುಗರು ಅತ್ತ ಹೊರಟಿದ್ದಾರೆ. ರಷ್ಯಾದ ಯೆಗೋರ್ ದ್ಯೋಮಿನ್, ಸ್ಪೇನಿನ ಉಗೊ ಗೊನ್ಸಾಲೆಸ್ ಇಬ್ಬರೂ ರಿಯಲ್ ಮ್ಯಾಡ್ರಿಡ್ ಕಿರಿಯರ ತಂಡದಲ್ಲಿ ಬೆಳೆದವರು, 2006ರಲ್ಲಿ ಹುಟ್ಟಿದವರು. ದ್ಯೋಮಿನ್ ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯಕ್ಕೆ ಹೋಗಿ ಚೆಂಡು ಕೈಯಲ್ಲಿಟ್ಟುಕೊಂಡು ಒಂದು ವರ್ಷ ಆಡಿದ, ಮೂರಂಕದ ಎಸೆತದಲ್ಲಿ ನೂರಕ್ಕೆ 27 ಹಾಕಿದ, 2025ರಲ್ಲಿ ಎಂಟನೆಯವನಾಗಿ ಬ್ರೂಕ್ಲಿನ್ ಸೇರಿದ. ಗೊನ್ಸಾಲೆಸ್ ಮ್ಯಾಡ್ರಿಡ್‌ನಲ್ಲೇ ಉಳಿದು ಹೆಚ್ಚು ಹೊತ್ತು ಬೆಂಚಿನಲ್ಲಿದ್ದ, ಸರಾಸರಿ ಐದು ಅಂಕವೂ ಬರಲಿಲ್ಲ, 28ನೆಯವನಾಗಿ ಬಾಸ್ಟನ್ ಪಾಲಾದ. ಅಂಕ ನೋಡಿದವರಿಗೆ ಈ ಅಂತರ ನ್ಯಾಯವೇ. ಗೊನ್ಸಾಲೆಸ್ ಅಂಗಣಕ್ಕಿಳಿದಾಗ ಮ್ಯಾಡ್ರಿಡ್ ಅವನಿಂದ ಬಯಸಿದ್ದು ಎದುರು ತಂಡದ ಗಾರ್ಡ್‌ನನ್ನು ಕಾಯುವ ಕೆಲಸವನ್ನು, ಅಂಕವನ್ನಲ್ಲ. ಆ ಕೆಲಸವನ್ನು ಅವನು ಮಾಡಿದ್ದನ್ನು ನೋಡಿದ ನನಗೆ ಇಬ್ಬರ ನಡುವೆ ಇಪ್ಪತ್ತು ಸ್ಥಾನಗಳ ದೂರ ಕಾಣಿಸಲಿಲ್ಲ.