ನಾವು ಉಣ್ಣೋದನ್ನೇ ನಾಯಿಗೂ ಹಾಕಿದ್ರೆ ಆಗಲ್ವಾ?

ಮನೆಯಲ್ಲಿ ಸಣ್ಣ ಮಿಶ್ರತಳಿ ನಾಯಿ ಇರುವವರು ಕೇಳುವ ಪ್ರಶ್ನೆಗಳಲ್ಲಿ ಇದೇ ಮೊದಲನೆಯದು. ಪಮೇರಿಯನ್ ಕ್ರಾಸ್, ಪಗ್ ಕ್ರಾಸ್, ಡ್ಯಾಶ್‌ಹೌಂಡಿನ ಗಿಡ್ಡ ಕಾಲಿಗೆ ಬೀದಿನಾಯಿಯ ಮುಖ ಅಂಟಿಸಿದಂಥದ್ದು, ಹೀಗೆ ಏಳೆಂಟು ಕೆ.ಜಿ. ತೂಗುವ ನಾಯಿಗಳು. ‘ಇದರಲ್ಲಿ ಬೀದಿನಾಯಿ ರಕ್ತ ಇದೆ, ಕಲ್ಲು ತಿಂದರೂ ಅರಗಿಸಿಕೊಳ್ಳುತ್ತೆ’ ಎಂಬ ಮಾತು ಪ್ರಶ್ನೆಯ ಬೆನ್ನಿಗೇ ಬರುತ್ತದೆ.

ಅಡುಗೆಮನೆಯ ಸಾಮಾನು ಆಗುತ್ತದೆ, ಅಡುಗೆ ಆಗುವುದಿಲ್ಲ. ಅಕ್ಕಿ, ಕೋಳಿ, ಮೊಟ್ಟೆ, ಮೊಸರು, ಸಿಹಿಗುಂಬಳ ಎಲ್ಲವೂ ಸರಿ. ಆದರೆ ಉಪ್ಪು, ಹುಳಿ, ಒಗ್ಗರಣೆ ಬೀಳುವ ಮುಂಚೆಯೇ ನಾಯಿಯ ಪಾಲನ್ನು ಎತ್ತಿಡಬೇಕು. ಎಷ್ಟು ಎತ್ತಿಡಬೇಕು ಎನ್ನುವಲ್ಲಿಯೇ ಹೆಚ್ಚಿನವರು ತಪ್ಪುವುದು.

ಅನ್ನವನ್ನು ವಿಷ ಎಂಬಂತೆ ಬೈಯುವವರೂ ಇದ್ದಾರೆ. ಅದು ಅತಿಯಾಯಿತು. ಪಿಷ್ಟ ಅರಗಿಸುವ ಅಮೈಲೇಸ್ ಕಿಣ್ವದ ವಂಶವಾಹಿ ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚು ಪ್ರತಿಗಳಲ್ಲಿದೆ ಎಂದು 2013ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಮನುಷ್ಯನ ಪಕ್ಕ ಬದುಕುತ್ತಾ ನಾಯಿಗೆ ಅನ್ನ, ರೊಟ್ಟಿ ಒಗ್ಗಿದೆ. ತೊಂದರೆ ಲೆಕ್ಕದ್ದು. ಬೆಂದ ಅನ್ನ 300 ಗ್ರಾಂ ಹಾಕಿದರೆ ಸುಮಾರು 390 ಕ್ಯಾಲರಿ, ಏಳು ಕೆ.ಜಿ. ನಾಯಿಯ ಇಡೀ ದಿನದ ಅಗತ್ಯ ಹೆಚ್ಚುಕಡಿಮೆ ಅಷ್ಟೇ. ಆದರೆ ಅದರಲ್ಲಿ ಪ್ರೋಟೀನ್ ಸಿಗುವುದು ಎಂಟು ಗ್ರಾಂ ಮಾತ್ರ. ಬೇಕಾದದ್ದು ಕನಿಷ್ಠ 18 ಗ್ರಾಂ. ಹೊಟ್ಟೆ ತುಂಬಿರುತ್ತದೆ, ಮೈಯಲ್ಲಿ ಕೊಬ್ಬು ಕೂರುತ್ತದೆ, ತೊಡೆಯ ಸ್ನಾಯು ಮಾತ್ರ ಕರಗುತ್ತಾ ಬರುತ್ತದೆ. ‘ದಪ್ಪಗಿದೆ, ಚೆನ್ನಾಗಿದೆ’ ಎಂದು ನೆಂಟರು ಹೊಗಳುವ ನಾಯಿ ಬಹಳ ಸಲ ಇಂಥದ್ದೇ.

ನಿಮ್ಮ ನಾಯಿಯ ಲೆಕ್ಕ ಮೊಬೈಲಿನ ಕ್ಯಾಲ್ಕ್ಯುಲೇಟರಿನಲ್ಲೇ ಆಗುತ್ತದೆ. ತೂಕವನ್ನು ಅದರಿಂದಲೇ ಎರಡು ಸಲ ಗುಣಿಸಿ (7×7×7 = 343), ಎರಡು ಸಲ ವರ್ಗಮೂಲ ಒತ್ತಿ (4.3), 70ರಿಂದ ಗುಣಿಸಿ. ಬರುವ 301 ಕ್ಯಾಲರಿ ಸುಮ್ಮನೆ ಮಲಗಿದ್ದರೂ ಬೇಕಾಗುವಷ್ಟು. ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿ, ಫ್ಲಾಟಿನಲ್ಲಿದ್ದು, ದಿನಕ್ಕೆರಡು ಸಲ ಸುತ್ತಾಡುವ ಬೆಳೆದ ನಾಯಿಗೆ ಇದರ 1.2ರಿಂದ 1.4 ಪಟ್ಟು ಸಾಕು. ಅಂದರೆ 360ರಿಂದ 420. ಚೀಲದ ಒಣ ಆಹಾರವಾದರೆ ನೂರು ಗ್ರಾಮಿನ ಆಸುಪಾಸು. ಲೋಟದಲ್ಲಿ ಅಳೆಯಬೇಡಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಲೋಟ ದಿನದಿಂದ ದಿನಕ್ಕೆ ತುಂಬುತ್ತಾ ಹೋಗುತ್ತದೆ, ಅಷ್ಟೇಕೆ, ಕೊಡುವ ಕೈ ಬದಲಾದರೂ ತುಂಬುತ್ತದೆ.

ಮನೆಯಲ್ಲೇ ಬೇಯಿಸುವುದಾದರೆ ಏಳು ಕೆ.ಜಿ. ನಾಯಿಗೆ ಒಂದು ದಿನದ ಅಳತೆ ಹೀಗೆ: ಎಲುಬಿಲ್ಲದ ಕೋಳಿ ಬೆಂದ ಮೇಲೆ 120 ಗ್ರಾಂ, ಅನ್ನ 100 ಗ್ರಾಂ, ಬೇಯಿಸಿ ಹಿಸುಕಿದ ಸಿಹಿಗುಂಬಳ ಅಥವಾ ಕ್ಯಾರೆಟ್ 50 ಗ್ರಾಂ, ಅಡುಗೆ ಎಣ್ಣೆ ಒಂದು ಟೀ ಚಮಚ, ಮೊಸರು ಎರಡು ದೊಡ್ಡ ಚಮಚ. ಒಟ್ಟು ಸುಮಾರು 400 ಕ್ಯಾಲರಿ, ಎರಡು ಹೊತ್ತಿಗೆ ಹಂಚಬೇಕು. ಕೋಳಿಯನ್ನು ಅನ್ನದೊಳಗೆ ಕೈಯಲ್ಲೇ ಕಿವುಚಿ ಸೇರಿಸಿ. ತುಂಡಾಗಿ ಬಿಟ್ಟರೆ ಪಮೇರಿಯನ್ ಕ್ರಾಸ್ ಜಾತಿಯದು ಮಾಂಸ ಆರಿಸಿ ತಿಂದು ಅನ್ನವನ್ನು ನೆಲಕ್ಕೆ ಸರಿಸುತ್ತದೆ. ಮಾಡಿದ್ದನ್ನು ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು.

ಇಷ್ಟರಲ್ಲಿ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಸಾಕಷ್ಟು ಬಂದಿಲ್ಲ ಎಂಬುದು ಬಹಳ ಜನರ ಗಮನಕ್ಕೇ ಬರುವುದಿಲ್ಲ. ಮಾಂಸದಲ್ಲಿ ರಂಜಕ ಧಾರಾಳ, ಕ್ಯಾಲ್ಸಿಯಂ ಅತ್ಯಲ್ಪ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದಾಗ ದೇಹ ಅದನ್ನು ಎಲುಬಿನಿಂದ ಕಿತ್ತುಕೊಳ್ಳುತ್ತದೆ. ಬರೀ ಕೋಳಿ-ಅನ್ನದಲ್ಲಿ ಬೆಳೆದ ಮರಿಗಳ ಕಾಲು ಸೊಟ್ಟಗಾಗುವುದು, ಸೋಫಾದಿಂದ ಹಾರಿದ್ದಕ್ಕೇ ಎಲುಬು ಮುರಿಯುವುದು ಇದರಿಂದಲೇ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆಯಲ್ಲ ಎನ್ನುತ್ತಾರೆ. ಇದೆ, 100 ಗ್ರಾಂ ಹಿಟ್ಟಿನಲ್ಲಿ 350 ಮಿಲಿಗ್ರಾಂ ಹತ್ತಿರ. ಆದರೆ ಅದರಲ್ಲೇ ಇರುವ ಫೈಟೇಟ್ ಎಂಬ ಅಂಶ ಅದನ್ನು ಪೂರ್ತಿ ಹೀರಲು ಬಿಡುವುದಿಲ್ಲ, ಜೊತೆಗೆ ಅಷ್ಟು ಹಿಟ್ಟಿಗೇ 320 ಕ್ಯಾಲರಿ ಮುಗಿದಿರುತ್ತದೆ. ಅನ್ನದ ಬದಲು ಸ್ವಲ್ಪ ರಾಗಿ ಅಂಬಲಿ ಹಾಕಿ, ತಪ್ಪಿಲ್ಲ; ಕ್ಯಾಲ್ಸಿಯಂ ಹೊಣೆಯನ್ನು ಅದರ ಮೇಲೆ ಹೊರಿಸಬೇಡಿ. ಮೊಟ್ಟೆಚಿಪ್ಪು ಇದಕ್ಕೆ ಸುಲಭದ ದಾರಿ. ತೊಳೆದು, ಹತ್ತು ನಿಮಿಷ ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಿಟ್ಟುಕೊಂಡರೆ ಮೇಲಿನ ಅಳತೆಗೆ ದಿನಕ್ಕೆ ಕಾಲು ಟೀ ಚಮಚ ಸಾಕು, ಸುಮಾರು 500 ಮಿಲಿಗ್ರಾಂ ಸಿಗುತ್ತದೆ. ಸತು, ಅಯೋಡಿನ್, ಡಿ ಮತ್ತು ಇ ಜೀವಸತ್ವಗಳು ಇನ್ನೂ ಕೊರತೆಯಾಗಿಯೇ ಉಳಿಯುತ್ತವೆ. ತಿಂಗಳುಗಟ್ಟಲೆ ಮನೆಯೂಟವೇ ಎಂದಾದರೆ ಪಶುವೈದ್ಯರಿಂದ ನಾಯಿಯ ವಿಟಮಿನ್-ಖನಿಜ ಪುಡಿ ಬರೆಸಿಕೊಳ್ಳಿ. ಮರಿಗಳಿಗಂತೂ ಹತ್ತು-ಹನ್ನೆರಡು ತಿಂಗಳವರೆಗೆ ಮರಿಗಳದ್ದೇ ಸಿದ್ಧ ಆಹಾರ ವಾಸಿ. ಅವುಗಳ ಎಲುಬಿನ ಜೊತೆ ಅಂದಾಜಿನ ಆಟ ಬೇಡ. ಸಸ್ಯಾಹಾರಿ ಮನೆಗಳಿಗೂ ಒಂದು ಮಾತು: ಬೆಕ್ಕಿನಂತೆ ನಾಯಿಗೆ ಮಾಂಸ ಕಡ್ಡಾಯವಲ್ಲ. ಹಾಗೆಂದು ಹಾಲು-ಅನ್ನ ಸಸ್ಯಾಹಾರದ ನಾಯಿಯೂಟವಲ್ಲ. ಹಾಲಿಗೆ ಬಹಳ ನಾಯಿಗಳು ಭೇದಿ ಮಾಡಿಕೊಳ್ಳುತ್ತವೆ. ನಾಯಿಗೆಂದೇ ತಯಾರಾದ ಸಂಪೂರ್ಣ ಸಸ್ಯಾಹಾರ ಸಿಗುತ್ತದೆ, ಅದೇ ಭದ್ರ.

ಈಗ ಒಗ್ಗರಣೆಯ ವಿಷಯ. ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಬೇಯಿಸಿದರೂ ಹುರಿದರೂ ಅದರ ಗುಣ ಹೋಗುವುದಿಲ್ಲ. ಒಂದೇ ಸಲಕ್ಕೆ ದೇಹತೂಕದ ಶೇ. 0.5 ದಾಟಿದರೆ ಅಪಾಯ. ಮೂವತ್ತು ಕೆ.ಜಿ. ಲ್ಯಾಬ್ರಡಾರಿಗೆ ಅದು 150 ಗ್ರಾಂ, ನಿಮ್ಮ ಏಳು ಕೆ.ಜಿ. ನಾಯಿಗೆ 35 ಗ್ರಾಂ, ಅಂದರೆ ಅರ್ಧ ಈರುಳ್ಳಿ. ಪಲ್ಯದ ತಳ ಬಳಿದು ಹಾಕಿದರೆ ಅಷ್ಟಾಗಲು ಹೊತ್ತು ಹಿಡಿಯುವುದಿಲ್ಲ. ಬೆಳ್ಳುಳ್ಳಿ ಇನ್ನೂ ತೀಕ್ಷ್ಣ. ಮೋಸವೆಂದರೆ ಲಕ್ಷಣ ಅಂದೇ ಕಾಣಿಸದೆ ಮೂರು-ಐದು ದಿನ ಕಳೆದು ಬರುತ್ತದೆ. ಒಸಡು ಬಿಳಿಚಿಕೊಂಡು ಮೂತ್ರ ಕಂದಾಗುವ ಹೊತ್ತಿಗೆ ಪಲ್ಯದ ನೆನಪು ಯಾರಿಗೂ ಇರುವುದಿಲ್ಲ.

ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ ಎಂಬುದು ಹಳೆಯ ತಿಳಿವಳಿಕೆ. ಕಾರಣ ಟಾರ್ಟಾರಿಕ್ ಆಮ್ಲ ಇರಬೇಕೆಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಬೊಟ್ಟು ಮಾಡಿದರು. ಅತ್ತ ದಾರಿ ತೋರಿದ ಪ್ರಕರಣಗಳಲ್ಲಿ ಹುಣಸೆಹಣ್ಣು ತಿಂದ ನಾಯಿಗಳೂ ಇದ್ದವು. ಹುಣಸೆಯಲ್ಲಿ ಈ ಆಮ್ಲ ಹೇರಳ. ನಮ್ಮ ಅಡುಗೆಮನೆಗೆ ಇದಕ್ಕಿಂತ ಹತ್ತಿರದ ಸುದ್ದಿ ಇಲ್ಲ. ಒಂದು ತೊಟ್ಟು ಸಾರು ನೆಕ್ಕಿದ್ದಕ್ಕೆ ಗಾಬರಿ ಬೀಳಬೇಕಿಲ್ಲ, ಆದರೆ ಪುಳಿಯೋಗರೆ ಗೊಜ್ಜು, ಹುಣಸೆ ಚಿಗಳಿ, ಪಾಯಸದ ದ್ರಾಕ್ಷಿ ಇವು ನಾಯಿಗೆ ಎಟುಕುವಲ್ಲಿ ಇರಕೂಡದು. ಸಕ್ಕರೆರಹಿತ ಚೂಯಿಂಗ್ ಗಮ್, ಪೆಪ್ಪರ್‌ಮಿಂಟುಗಳಲ್ಲಿ ಸಕ್ಕರೆ ಬದಲು ಹಾಕುವ ಕ್ಸೈಲಿಟಾಲ್ ಎಂಬ ಸಿಹಿ ಇದ್ದರೆ ಅದು ಇವೆಲ್ಲಕ್ಕಿಂತ ವೇಗದ್ದು, ಅರ್ಧ-ಒಂದು ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿಯಬಹುದು. ಇಂಥದ್ದು ತಿಂದದ್ದು ಕಂಡರೆ ಏನು, ಎಷ್ಟು, ಎಷ್ಟು ಗಂಟೆಗೆ ಎಂದು ಬರೆದುಕೊಂಡು ಕೂಡಲೇ ವೈದ್ಯರಲ್ಲಿಗೆ ಓಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಉಪಾಯ ಬೇಡವೇ ಬೇಡ, ಉಪ್ಪೇ ವಿಷವಾಗುತ್ತದೆ.

ಬೆಂದ ಕೋಳಿ ಎಲುಬು ಚೂಪಾಗಿ ಸೀಳುತ್ತದೆ; ಕೊಡಬಾರದು, ಅಷ್ಟೇ. ತುಪ್ಪ, ಮಟನ್ ಕೊಬ್ಬು ಒಮ್ಮೆಲೇ ಹೊಟ್ಟೆ ಸೇರಿದರೆ ಮೇದೋಜೀರಕ ಗ್ರಂಥಿ ಉರಿಯೂತ ಬರಬಹುದು. ವಾಂತಿಯ ಜೊತೆಗೆ ನಾಯಿ ಮುಂಗಾಲು ಚಾಚಿ, ಎದೆ ನೆಲಕ್ಕೊತ್ತಿ, ಹಿಂಭಾಗ ಎತ್ತಿ ನಿಂತರೆ ಬೆಳಗಾಗಲಿ ಎಂದು ಕಾಯಬೇಡಿ.

ಇನ್ನು ಬಿಸ್ಕತ್ತು. ಒಂದು ಗ್ಲೂಕೋಸ್ ಬಿಸ್ಕತ್ತಿಗೆ ಸುಮಾರು 25 ಕ್ಯಾಲರಿ. ಅಪ್ಪನ ಕಾಫಿ ಜೊತೆ ಒಂದು, ಅಜ್ಜಿಯ ಕೈಯಿಂದ ಎರಡು, ಮಕ್ಕಳು ಸ್ಕೂಲಿಂದ ಬಂದಾಗ ಒಂದು ಎಂದರೆ ದಿನದ ಕಾಲು ಭಾಗ ಮುಗಿಯಿತು. ಊಟ ಮಾತ್ರ ಕಡಿಮೆಯಾಗುವುದಿಲ್ಲ. ಅಜ್ಜಿಗೆ ‘ಕೊಡಬೇಡಿ’ ಎಂದರೆ ನಡೆಯುವ ಮಾತಲ್ಲ. ಬೆಳಿಗ್ಗೆಯೇ ಒಂದು ಡಬ್ಬಿಯಲ್ಲಿ 40 ಕ್ಯಾಲರಿಯಷ್ಟು, ಅಂದರೆ ದಿನದ ಹತ್ತನೇ ಒಂದು ಪಾಲು, ಬೇಯಿಸಿದ ಕೋಳಿ ಚೂರು ಮತ್ತು ಕ್ಯಾರೆಟ್ ಹಾಕಿಟ್ಟು, ಯಾರೇ ಕೊಟ್ಟರೂ ಇದರಿಂದಲೇ ಎಂದುಬಿಡಿ. ಡಬ್ಬಿ ಖಾಲಿಯಾದರೆ ಆವತ್ತಿಗೆ ಮುಗಿಯಿತು.

ಸಾರನ್ನದ ರುಚಿ ಹತ್ತಿದ ನಾಯಿ ಸಪ್ಪೆ ಊಟ ಕಂಡು ಮುಖ ತಿರುಗಿಸುತ್ತದೆ. ಏಳರಿಂದ ಹತ್ತು ದಿನ ಹಳೆಯದರಲ್ಲಿ ಹೊಸದನ್ನು ಸ್ವಲ್ಪಸ್ವಲ್ಪವೇ ಏರಿಸಿ, ಕೋಳಿ ಬೇಯಿಸಿದ ಉಪ್ಪಿಲ್ಲದ ನೀರು ಚಿಮುಕಿಸಿ ಕೊಡಿ. ಬಟ್ಟಲು 20 ನಿಮಿಷ ಇಟ್ಟು ಎತ್ತಿಬಿಡಿ. ಆರೋಗ್ಯವಾಗಿರುವ ಬೆಳೆದ ನಾಯಿ ಒಂದು ಹೊತ್ತು ಬಿಟ್ಟರೆ ಏನೂ ಆಗುವುದಿಲ್ಲ. ಮರಿಗೆ ಮಾತ್ರ ಈ ಹಟ ಸಲ್ಲದು, ಸಣ್ಣ ಮರಿಗಳಲ್ಲಿ ಸಕ್ಕರೆ ಬೇಗ ಇಳಿಯುತ್ತದೆ. ಬೆಳೆದದ್ದೂ 24 ಗಂಟೆ ಏನೂ ಮುಟ್ಟದಿದ್ದರೆ ಅದು ಹಟವಲ್ಲ, ಕಾಯಿಲೆ.

ಪಮೇರಿಯನ್ ಕ್ರಾಸಿನ ದಟ್ಟ ಕೂದಲಿನಡಿ ಕೊಬ್ಬು ಕಣ್ಣಿಗೆ ಕಾಣದು, ಕೈಯಲ್ಲೇ ನೋಡಬೇಕು. ಅಂಗೈ ಕೆಳಗೆ ಮಾಡಿ ಚಾಚಿದ ನಿಮ್ಮ ಕೈಯ ಹಿಂಭಾಗ ಸವರಿದಾಗ ಎಲುಬು ಹೇಗೆ ತಾಗುತ್ತದೋ ನಾಯಿಯ ಪಕ್ಕೆಲುಬೂ ಹಾಗೆ ತಾಗಬೇಕು. ತಿಂಗಳಿಗೊಮ್ಮೆ ಅದನ್ನೆತ್ತಿಕೊಂಡು ತಕ್ಕಡಿ ಹತ್ತಿ, ನಿಮ್ಮ ತೂಕ ಕಳೆದು, ಕ್ಯಾಲೆಂಡರಿನ ಮೇಲೆ ಬರೆಯಿರಿ. ಏಳು ಕೆ.ಜಿ.ಗೆ 700 ಗ್ರಾಂ ಏರಿತೆಂದರೆ 60 ಕೆ.ಜಿ. ಮನುಷ್ಯ ಆರು ಕೆ.ಜಿ. ದಪ್ಪಗಾದಂತೆ. ಸಣ್ಣ ನಾಯಿಗಳ ಮಂಡಿಚಿಪ್ಪು ಜಾರುವುದು, ಶ್ವಾಸನಾಳ ಕುಗ್ಗಿ ಬಾತುಕೋಳಿ ಕೂಗಿದಂತೆ ಕೆಮ್ಮುವುದು ಈ ಭಾರದಿಂದ ಇನ್ನಷ್ಟು ಕೆಡುತ್ತವೆ. ತೂಕ ಏರಿದ್ದು ಕಂಡರೆ ಮೊದಲು ಅನ್ನದಲ್ಲಿ 30 ಗ್ರಾಂ ಕಡಿಮೆ ಮಾಡಿ. ಕೋಳಿಯನ್ನು ಮುಟ್ಟಬೇಡಿ.