ಪರೀಕ್ಷೆಯ ಬೆಳಿಗ್ಗೆ ತೆರೆಯದ ಫೈರ್‌ಫಾಕ್ಸ್

ಕಾಲೇಜಿನ ಲ್ಯಾಬ್‌ಗಳನ್ನು ಉಬುಂಟು (ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆ) 20.04ರಿಂದ 22.04ಕ್ಕೆ ಏರಿಸಬೇಕೆಂದಾಗ ಆಡಳಿತ ಮಂಡಳಿ ಕೊಟ್ಟ ಕಾರಣ ಒಂದೇ: ಮಾನ್ಯತಾ ತಂಡ ಬರುವಷ್ಟರಲ್ಲಿ ಎಲ್ಲವೂ ಹೊಸ ಆವೃತ್ತಿಯಲ್ಲಿರಬೇಕು. 20.04ಕ್ಕೆ 2025ರವರೆಗೆ ಬೆಂಬಲವಿದೆ ಎಂದು ನಾನು ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ರಯೋಗಕ್ಕೆಂದು ಒಂದು ಹೆಚ್ಚುವರಿ ಯಂತ್ರ ಕೇಳಿದೆ, ಸಿಗಲಿಲ್ಲ. ಇಮೇಜ್ (ಇಡೀ ವ್ಯವಸ್ಥೆಯ ಅಚ್ಚುಪ್ರತಿ) ತಯಾರಿಸಿ, ಯಂತ್ರಗಳಿಗೆ ಕ್ಲೋನ್ ಮಾಡಿ, ಅಡ್ಮಿನ್ ಖಾತೆಯಲ್ಲಿ ಎಲ್ಲ ಅಪ್ಲಿಕೇಶನ್‌ಗಳನ್ನೂ ತೆರೆದು ನೋಡಿದೆ. ಒಂದೂ ತಕರಾರು ಮಾಡಲಿಲ್ಲ.

ವೆಬ್ ಲ್ಯಾಬ್‌ನ ಪ್ರಾಯೋಗಿಕ ಪರೀಕ್ಷೆಯ ದಿನ ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕರು) ಬಂದು ಕುಳಿತಿದ್ದರು. ಪ್ರಶ್ನೆಯ ಚೀಟಿ ಎತ್ತಿಸಿಯೂ ಆಗಿತ್ತು. ಮೊದಲ ಸಾಲಿನಿಂದ ಒಬ್ಬಳು ಕೈ ಎತ್ತಿದಳು: "ಸರ್, ಫೈರ್‌ಫಾಕ್ಸ್ ತೆರೆಯುತ್ತಿಲ್ಲ." ಅವಳ ಪಕ್ಕದವನದೂ ಅದೇ. ನೋಡನೋಡುತ್ತಿದ್ದಂತೆ ಇಡೀ ಬ್ಯಾಚ್. ಐಕಾನ್ ಒತ್ತಿದರೆ ಕಿಟಕಿಯೂ ಇಲ್ಲ, ದೋಷದ ಸಂದೇಶವೂ ಇಲ್ಲ.

ನನ್ನ ಅನುಮಾನ ನೇರವಾಗಿ, ವಿದ್ಯಾರ್ಥಿಗಳ ಕಡತಗಳನ್ನು ಸರ್ವರ್‌ನಿಂದ ಯಂತ್ರಗಳಿಗೆ ಒದಗಿಸುವ ಎನ್‌ಎಫ್‌ಎಸ್ ಮೇಲೆ ಹೋಯಿತು. ಕರೆಂಟ್ ಹೋಗಿ ಯಂತ್ರಗಳು ಆರಿದಾಗಲೆಲ್ಲ ಫೈರ್‌ಫಾಕ್ಸ್ ಪ್ರೊಫೈಲ್‌ನಲ್ಲಿ ಅದು ಬಳಕೆಯಲ್ಲಿದೆ ಎಂದು ಸೂಚಿಸುವ ಲಾಕ್ ಫೈಲ್ ಉಳಿದು ಇಂಥದ್ದೇ ಕಾಟ ಕೊಡುತ್ತಿತ್ತು. ಸರ್ವರ್ ಕೋಣೆಗೆ ಓಡಿ ಲಾಕ್ ಫೈಲ್‌ಗಳನ್ನು ಅಳಿಸಿದೆ, ಸೇವೆಯನ್ನೂ ಮರುಪ್ರಾರಂಭಿಸಿದೆ. ಇದರಿಂದ ವಿದ್ಯಾರ್ಥಿಗಳ ಪರದೆಗಳು ಕೆಲ ಕ್ಷಣ ಹೆಪ್ಪುಗಟ್ಟಿದವು. ಬರೆದ ಪ್ರೋಗ್ರಾಂ ಹೋಯಿತೆಂದು ಒಬ್ಬ ಹುಡುಗ ಅಳುವಂತಾಗಿದ್ದ. ಎಚ್‌ಒಡಿ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು. ಆಮೇಲೆ ಟರ್ಮಿನಲ್‌ನಿಂದ ಫೈರ್‌ಫಾಕ್ಸ್ ಓಡಿಸಿದಾಗ ಕಾರಣ ಒಂದೇ ಸಾಲಿನಲ್ಲಿ ಬಂತು: ಹೋಮ್ ಡೈರೆಕ್ಟರಿ (ಬಳಕೆದಾರನ ಕಡತಗಳ ಜಾಗ) '/ಹೋಮ್'ನ ಹೊರಗಿದ್ದರೆ ಬೆಂಬಲವಿಲ್ಲ.

22.04ರಲ್ಲಿ ಫೈರ್‌ಫಾಕ್ಸ್ ಡೆಬ್ ಎಂಬ ಹಳೆಯ ಬಗೆಯ ಪ್ಯಾಕೇಜ್ ಆಗಿ ಬರುವುದಿಲ್ಲ. ಡೆಬ್‌ಗಳನ್ನು ಹಾಕುವ ಸಾಧನವಾದ ಏಪಿಟಿಯಿಂದ ಹಾಕಿಕೊಂಡರೂ ಒಳಗೆ ಬರುವುದು ಸ್ನ್ಯಾಪ್, ಅಂದರೆ ಅಪ್ಲಿಕೇಶನ್ ಅನ್ನು ಕಟ್ಟುಪಾಡಿನೊಳಗೆ ಓಡಿಸುವ ಬೇರೊಂದು ಬಗೆಯ ಪ್ಯಾಕೇಜ್. ನಮ್ಮ ವಿದ್ಯಾರ್ಥಿಗಳು ಎಲ್‌ಡಿಎಪಿ ಖಾತೆಯವರು, ಅಂದರೆ ಅವರ ಖಾತೆಗಳು ಸರ್ವರ್‌ನಲ್ಲಿ ಒಂದೇ ಕಡೆ ಇರುತ್ತವೆ. ಅವರ ಡೈರೆಕ್ಟರಿ ಎನ್‌ಎಫ್‌ಎಸ್ ಮೂಲಕ ಬೇರೊಂದು ಕಡೆ ಮೌಂಟ್ ಆಗುತ್ತದೆ. ಸ್ನ್ಯಾಪ್‌ನ ಕಟ್ಟುಪಾಡಿಗೆ ಅದು ನಿಷಿದ್ಧ ಜಾಗ. ಅಡ್ಮಿನ್ ಖಾತೆ ಮಾತ್ರ '/ಹೋಮ್'ನಲ್ಲಿದ್ದುದರಿಂದ ನನಗೆ ಎಲ್ಲವೂ ತೆರೆದಿತ್ತು. ಸ್ನ್ಯಾಪ್‌ನ ಮುಂದಿನ ಆವೃತ್ತಿಗಳಲ್ಲಿ ಇಂಥ ಹೊರಗಿನ ಜಾಗಗಳಿಗೂ ಅನುಮತಿ ಕೊಡುವ 'ಹೋಮ್‌ಡಿರ್ಸ್' ಎಂಬ ಸೆಟ್ಟಿಂಗ್ ಬಂತು. ಆ ಬೆಳಿಗ್ಗೆ ಅದು ನನ್ನ ಕೈಯಲ್ಲಿರಲಿಲ್ಲ.

ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಟಾರ್‌ಬಾಲ್ (ಪ್ಯಾಕೇಜ್ ಇಲ್ಲದ ಸಂಕುಚಿತ ಕಡತ) ಇಳಿಸಿಕೊಂಡು, ಹಲವು ಯಂತ್ರಗಳನ್ನು ಒಟ್ಟಿಗೆ ನಿರ್ವಹಿಸುವ ಆನ್ಸಿಬಲ್‌ನಿಂದ ಎಲ್ಲ ಯಂತ್ರಗಳ '/ಆಪ್ಟ್' ಡೈರೆಕ್ಟರಿಗೆ ಹಾಕಿ, ಶಾರ್ಟ್‌ಕಟ್ ಬದಲಾಯಿಸಿದೆ. ಫೈರ್‌ಫಾಕ್ಸ್ ತೆರೆಯಿತು. ಎಕ್ಸ್‌ಟರ್ನಲ್ ಒಂದು ಮಾತೂ ಆಡದೆ ಹೆಚ್ಚುವರಿ ಸಮಯ ಕೊಟ್ಟರು. ಆ ದೊಡ್ಡತನವನ್ನು ಮರೆಯಲಾರೆ.

ಅಂದಿನಿಂದ ಹೊಸ ಇಮೇಜ್ ಯಾವುದಾದರೂ ಮೊದಲು ಲಾಗಿನ್ ಆಗುವುದು ವಿದ್ಯಾರ್ಥಿ ಖಾತೆಯಲ್ಲಿ. ಪ್ಯಾಕೇಜ್ ಬಗೆಯನ್ನು ಆರಿಸುವಾಗಲೂ ನಾನು ಕೇಳುವುದು ಎರಡೇ: ಬಳಕೆದಾರನ ಕಡತಗಳು ಎಲ್ಲಿರುತ್ತವೆ, ಅಪ್‌ಡೇಟ್ ಯಾವಾಗ ಆಗಬೇಕೆಂದು ತೀರ್ಮಾನಿಸುವವರು ಯಾರು? ಸ್ನ್ಯಾಪ್ ತಾನಾಗಿಯೇ ದಿನಕ್ಕೆ ನಾಲ್ಕು ಬಾರಿ ಹೊಸ ಆವೃತ್ತಿ ಹುಡುಕುತ್ತದೆ. ಮನೆಯ ಲ್ಯಾಪ್‌ಟಾಪ್‌ಗೆ ಅದು ಒಳ್ಳೆಯದೇ, ಭದ್ರತೆಯ ತೇಪೆಗಳು ಕೇಳದೆಯೇ ಬರುತ್ತವೆ. ಲ್ಯಾಬ್‌ನಲ್ಲಿ ಮಾತ್ರ ಏಪಿಟಿ-ಕ್ಯಾಶರ್-ಎನ್‌ಜಿ ಒಮ್ಮೆ ತಂದಿಟ್ಟ ಡೆಬ್‌ಗಳನ್ನು ಎಲ್ಲ ಯಂತ್ರಗಳೂ ಹಂಚಿಕೊಳ್ಳುತ್ತವೆ. ಸ್ನ್ಯಾಪ್‌ಗಳು ಆ ದಾರಿಗೆ ಬರುವುದೇ ಇಲ್ಲ, ಒಂದೊಂದು ಯಂತ್ರವೂ ಹೊರಗಿನಿಂದ ಬೇರೆಬೇರೆಯಾಗಿ ಇಳಿಸಿಕೊಳ್ಳುತ್ತದೆ. ನಮ್ಮ ಬ್ಯಾಂಡ್‌ವಿಡ್ತ್ ಅದನ್ನು ತಾಳದು.

ಲ್ಯಾಬ್‌ಗಳನ್ನು ಇನ್ನೊಂದು ಲಿನಕ್ಸ್ ಆದ ಡೆಬಿಯನ್ 12ಕ್ಕೆ ಬದಲಾಯಿಸಿದ್ದೇನೆ. ಫೈರ್‌ಫಾಕ್ಸ್ ಇಎಸ್‌ಆರ್ (ದೀರ್ಘ ಬೆಂಬಲದ ಆವೃತ್ತಿ) ಅಲ್ಲಿ ಡೆಬ್ ಆಗಿಯೇ ಸಿಗುತ್ತದೆ, ಗುಬ್ಬಿ ಮತ್ತು ನವಿಲು ಎಂಬ ಕನ್ನಡ ಫಾಂಟ್‌ಗಳು ಅದೇ ಭಂಡಾರದಲ್ಲಿವೆ. ಚಿತ್ರ ಬಿಡಿಸುವ ಇಂಕ್‌ಸ್ಕೇಪ್‌ನ ಹೊಸ ಆವೃತ್ತಿ ಬೇಕೆನ್ನುವ ಅಧ್ಯಾಪಕರಿಗೆ ಫ್ಲ್ಯಾಟ್‌ಪ್ಯಾಕ್ ಎಂಬ ಮತ್ತೊಂದು ಬಗೆಯ ಪ್ಯಾಕೇಜ್ ಕೊಡುತ್ತೇನೆ. ಮೊದಲ ಸಲ ರನ್‌ಟೈಮ್ (ಅಪ್ಲಿಕೇಶನ್‌ಗಳು ಓಡಲು ಬೇಕಾದ ಸಾಮಾನ್ಯ ಭಾಗಗಳು) ಭಾರವಾಗಿ ಇಳಿದರೂ ಮುಂದಿನ ಅಪ್ಲಿಕೇಶನ್‌ಗಳು ಅದನ್ನೇ ಬಳಸುತ್ತವೆ. ಆ್ಯಪ್‌ಇಮೇಜ್ ಎಂಬ ಇನ್ನೊಂದು ಬಗೆ ಒಂದೇ ಕಡತವಾದ್ದರಿಂದ ಒಯ್ಯಲು ಸುಲಭ. ಆದರೆ ಹಳತಾದದ್ದನ್ನು ನೆನಪಿಟ್ಟು ಬದಲಾಯಿಸುವ ಹೊಣೆ ನನ್ನ ಮೇಲೆಯೇ ಬೀಳುವುದರಿಂದ ಲ್ಯಾಬ್‌ಗೆ ಸೇರಿಸುವುದಿಲ್ಲ.

2025ರ ಆಗಸ್ಟ್‌ನಲ್ಲಿ ಡೆಬಿಯನ್ 13 ಬಂದದ್ದೇ ತಡ, ಮೇಲಿನಿಂದ ಮತ್ತೆ ಅದೇ ಒತ್ತಾಯ ಶುರುವಾಯಿತು. 12ಕ್ಕೆ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) 2028ರ ಜೂನ್‌ವರೆಗೆ ಇದೆ ಎಂದು ಈ ಬಾರಿ ಲಿಖಿತವಾಗಿ ಕೊಟ್ಟಿದ್ದೇನೆ. ಜೊತೆಗೆ, ಪ್ರಯೋಗಕ್ಕೆ ಒಂದು ಯಂತ್ರ ಮಂಜೂರಾಗುವವರೆಗೆ ಯಾವ ಲ್ಯಾಬ್ ಅನ್ನೂ ಮುಟ್ಟುವುದಿಲ್ಲ ಎಂದೂ ಬರೆದಿದ್ದೇನೆ.